ನದಿಯ ಗೋಡೆಯಲ್ಲಿ ಮಿಂಚುಳ್ಳಿಗೊಂದು ಮನೆ

ನದಿಯ ದಡವೆಂದರೆ ನೀರು ಮುಗಿದು ನೆಲ ಮೊದಲಾಗುವ ಗೆರೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಭೂಪಟದಲ್ಲಿ ಅದು ಗೆರೆಯೇ ಸರಿ. ಆದರೆ ಪ್ರಾಣಿಗಳ ಪಾಲಿಗೆ ದಡವು ಗೆರೆಯಲ್ಲ. ಅಗಲವಾದ ಒಂದು ಪಟ್ಟಿ. ಅದರ ಒಂದು ಅಂಚು ಯಾವಾಗಲೂ ನೀರಿನೊಳಗಿರುತ್ತದೆ, ಇನ್ನೊಂದು ಅಂಚು ಮಹಾಪೂರ ಬಂದಾಗ ಮಾತ್ರ ನೆನೆಯುತ್ತದೆ. ಇವೆರಡರ ನಡುವಣ ಕೆಸರು, ಬೇರು, ಬಿರುಕು, ಪೊಟರೆ, ಮಣ್ಣಿನ ಕಡಿದಾದ ಮುಖ, ಜೊಂಡಿನ ಪೊದೆ ಇವುಗಳಲ್ಲಿ ಒಂದೊಂದೂ ಒಂದೊಂದು ಜೀವಿಯ ಮನೆ. ನಗರವು ಬೆಳೆದು ಹಳ್ಳದ ಇಕ್ಕೆಲಗಳಲ್ಲಿ ನುಣುಪಾದ ಕಾಂಕ್ರೀಟು ಗೋಡೆಯನ್ನು ಎಬ್ಬಿಸಿದಾಗ ಈ ಪಟ್ಟಿಯು ನಿಜವಾಗಿಯೂ ಒಂದು ಗೆರೆಯಾಗಿಬಿಡುತ್ತದೆ. ಗೆರೆಯ ಮೇಲೆ ಯಾರೂ ವಾಸಮಾಡಲಾರರು.

ಗೋಡೆ ಬೇಡವೆನ್ನುವುದು ಸುಲಭ. ಆದರೆ ಮಳೆಗಾಲದಲ್ಲಿ ಮನೆಯೊಳಕ್ಕೆ ನೀರು ನುಗ್ಗಿದವರಿಗೆ ಆ ಮಾತು ರುಚಿಸಲಾರದು. ಗೋಡೆಯೂ ಇರಬೇಕು, ಆ ಗೋಡೆಯಲ್ಲಿ ಮಿಂಚುಳ್ಳಿಗೂ ಬಾವಲಿಗೂ ಕಪ್ಪೆಗೂ ಎಡೆಯಿರಬೇಕು, ಇದು ಸಾಧ್ಯವೆ? ಸಾಧ್ಯವೆಂದು ಕೆಲವು ದೇಶಗಳ ವಾಸ್ತುಶಿಲ್ಪಿಗಳೂ ಜೀವವಿಜ್ಞಾನಿಗಳೂ ಕೂಡಿ ತೋರಿಸಿಕೊಟ್ಟಿದ್ದಾರೆ. ಅವರ ಉಪಾಯವು ಸರಳವಾದುದು: ಇಡೀ ಗೋಡೆಯನ್ನು ಒಂದೇ ಸಮನೆ ಎರಕ ಹೊಯ್ಯುವ ಬದಲು, ಹೊರಗಿನ ಅಳತೆ ಒಂದೇ ಆಗಿದ್ದು ಒಳಗಿನ ರಚನೆ ಬೇರೆ ಬೇರೆಯಾಗಿರುವ ಬಿಡಿ ಘಟಕಗಳಿಂದ ಅದನ್ನು ಜೋಡಿಸುವುದು. ಇಂಥ ಘಟಕವನ್ನು ನಾವು ಈ ಲೇಖನದಲ್ಲಿ ‘ಗೂಡುಗಲ್ಲು’ ಎಂದು ಕರೆಯೋಣ.

ನೀರು ಇಬ್ಭಾಗವಾಗುವ ನಾಡು

ಉದಾಹರಣೆಗಾಗಿ ನಾವು ಮಹಾನಗರವೊಂದನ್ನು ಆರಿಸಿಕೊಳ್ಳದೆ, ಬೀದರ ಜಿಲ್ಲೆಯಲ್ಲಿ ಕೊಡಂಬಲದ ಸುತ್ತಣ ಸೀಮೆಯನ್ನು, ಎಂದರೆ ಹುಮನಾಬಾದ ಮತ್ತು ಬಸವಕಲ್ಯಾಣದ ಪ್ರಾಂತವನ್ನು ತೆಗೆದುಕೊಳ್ಳೋಣ. ಈ ಎತ್ತರದ ನೆಲಕ್ಕೆ ಒಂದು ವಿಶೇಷವಿದೆ. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹಂಚಿಹೋಗುತ್ತದೆ. ಕಾರಂಜಾ ನದಿಗೂ ಚುಳಕಿ ನಾಲೆಗೂ ಇಳಿದ ನೀರು ಮಾಂಜರಾ ನದಿಯ ಮೂಲಕ ಗೋದಾವರಿಯನ್ನು ಸೇರುತ್ತದೆ. ಮುಲ್ಲಾಮಾರಿಗೆ ಇಳಿದ ನೀರು ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಹತ್ತಿರ ಹತ್ತಿರದ ಹೊಲಗಳ ಮೇಲೆ ಬಿದ್ದ ಎರಡು ಹನಿಗಳು ಬೇರೆ ಬೇರೆ ಮುಖಗಳಲ್ಲಿ ಬಂಗಾಳ ಕೊಲ್ಲಿಯನ್ನು ಕಾಣಬಹುದು.

ನೀರು ಇಬ್ಭಾಗವಾಗುವ ಇಂಥ ನಾಡಿನಲ್ಲಿ ಹೊಳೆಗಳು ಇನ್ನೂ ಎಳೆಯವು. ಅವು ಮಳೆಗಾಲದಲ್ಲಿ ರಭಸದಿಂದ ಏರುತ್ತವೆ, ಬೇಸಗೆಯಲ್ಲಿ ಬತ್ತಿ ಮಡುಗಳಷ್ಟೇ ಉಳಿಯುತ್ತವೆ. ವರ್ಷದ ಮಳೆಯ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಊರುಗಳು ಪಟ್ಟಣಗಳಾಗಿ ಬೆಳೆದಂತೆ ಹಳ್ಳಗಳಿಗೆ ಗೋಡೆ ಕಟ್ಟುವ ಕೆಲಸವೂ ಬೆಳೆಯುತ್ತದೆ. ಬೆಂಗಳೂರಿನ ರಾಜಕಾಲುವೆಗಳು ಈ ದಾರಿಯನ್ನು ಬಹಳ ದೂರ ನಡೆದುಬಿಟ್ಟಿವೆ. ಅಲ್ಲಿ ಮೆಜೆಸ್ಟಿಕ್ ಬಳಿಯಿಂದ ಬೆಳ್ಳಂದೂರಿನ ಕಡೆಗೆ ಹರಿಯುವ ಕಾಲುವೆಯೊಂದನ್ನು ಮರಳಿ ಜನೋಪಯೋಗಿಯಾಗಿ ಮಾಡುವ ‘ಕೆ-೧೦೦’ ಎಂಬ ಯೋಜನೆಯನ್ನು ೨೦೨೦ರ ದಶಕದ ಆರಂಭದಲ್ಲಿ ಕೈಗೊಳ್ಳಬೇಕಾಯಿತು. ಒಮ್ಮೆ ಕೆಡಿಸಿದುದನ್ನು ಸರಿಪಡಿಸುವುದಕ್ಕೆ ತಗಲುವ ವೆಚ್ಚವು ಮೊದಲೇ ಸರಿಯಾಗಿ ಕಟ್ಟುವ ವೆಚ್ಚಕ್ಕಿಂತ ಯಾವಾಗಲೂ ಹೆಚ್ಚು. ಚಿಕ್ಕ ಪಟ್ಟಣಗಳಿಗೆ ಈ ಆಯ್ಕೆ ಇನ್ನೂ ಕೈಯಲ್ಲಿದೆ.

ದಡದ ನಿವಾಸಿಗಳು

ಮನೆ ಕಟ್ಟುವ ಮೊದಲು ಅದರಲ್ಲಿ ಇರತಕ್ಕವರು ಯಾರೆಂಬುದನ್ನು ತಿಳಿಯಬೇಕಷ್ಟೆ. ನಮ್ಮ ಹೊಳೆಗಳ ದಡದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಿಂಚುಳ್ಳಿ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ದಡದ ಕಡಿದಾದ ಮಣ್ಣಿನ ಮುಖದಲ್ಲಿ ಕೊಕ್ಕಿನಿಂದ ಕುಟ್ಟಿ, ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಎಸೆದು, ಸುರಂಗವನ್ನು ಕೊರೆಯುತ್ತದೆ. ಸುರಂಗದ ಕೊನೆಯಲ್ಲಿ ಮೊಟ್ಟೆಯಿಡುವ ಕೋಣೆಯಿರುತ್ತದೆ. ಸುರಂಗವು ಒಳಕ್ಕೆ ಹೋದಂತೆ ಸ್ವಲ್ಪ ಮೇಲಕ್ಕೆ ಏರಿರುವುದರಿಂದ ಮಳೆಯ ನೀರು ಒಳಗೆ ನಿಲ್ಲುವುದಿಲ್ಲ. ಹಸುರು ಬಣ್ಣದ ಕಳ್ಳಿಪೀರವೂ ಇಂಥ ಬಿಲವನ್ನೇ ತೋಡುತ್ತದೆ. ಇವೆರಡರ ಮೊಟ್ಟೆಗಳೂ ಅಚ್ಚ ಬಿಳುಪು. ಕತ್ತಲೆಯ ಕೋಣೆಯೊಳಗಿರುವ ಮೊಟ್ಟೆಗೆ ಶತ್ರುವಿನ ಕಣ್ಣು ತಪ್ಪಿಸುವ ಚುಕ್ಕೆ, ಬಣ್ಣಗಳ ಹಂಗು ಎಲ್ಲಿಯದು?

ಕವಲುತೋಕೆಯ ಹಕ್ಕಿಗಳ ರೀತಿ ಬೇರೆ. ಅವು ಹೊಳೆಯಂಚಿನ ಒದ್ದೆ ಮಣ್ಣನ್ನು ಗುಳಿಗೆ ಗುಳಿಗೆಯಾಗಿ ಕೊಕ್ಕಿನಲ್ಲಿ ತಂದು ಸೇತುವೆಯ ಅಡಿಯ ಒರಟು ಮೈಗೆ ಮೆತ್ತಿ ಬಟ್ಟಲಿನಂಥ ಗೂಡನ್ನು ಕಟ್ಟುತ್ತವೆ. ಅವುಗಳಿಗೆ ಬೇಕಾದುದು ಎರಡು: ಮೇಲೆ ಹಿಡಿತ ಕೊಡುವ ಒರಟು ಮೈ, ಕೆಳಗೆ ಒದ್ದೆಯಾದ ಮಣ್ಣು. ದಡಕ್ಕೆಲ್ಲ ಕಾಂಕ್ರೀಟು ಬಳಿದರೆ ಸೇತುವೆ ಉಳಿದರೂ ಮಣ್ಣು ಸಿಗದು. ಇನ್ನು ಆಕಾಶದಲ್ಲಿಯೇ ಬಾಳನ್ನು ಕಳೆಯುವ ಬಾನಾಡಿ ಹಕ್ಕಿಯ ಕಾಲುಗಳು ಬಲು ಮೋಟು. ಅದು ಎತ್ತರದ ಸಂದಿಯಿಂದ ಕೆಳಕ್ಕೆ ಜಾರಿ ರೆಕ್ಕೆ ಬಿಚ್ಚುತ್ತದೆ. ಆದುದರಿಂದ ಅದರ ಗೂಡಿನ ಕೆಳಗೆ ಬಯಲು ಬೇಕು.

ನೀರಿನೊಳಗಿನವರ ಅಗತ್ಯಗಳೂ ಇಷ್ಟೇ ಖಚಿತವಾದುವು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆದು, ಕಡೆಗೊಂದು ದಿನ ಜೊಂಡಿನ ದಂಟನ್ನು ಹತ್ತಿ, ಪೊರೆ ಕಳಚಿ ಹಾರುತ್ತದೆ. ಹತ್ತುವುದಕ್ಕೆ ದಂಟಾದರೂ ಒರಟು ಗೋಡೆಯಾದರೂ ಇರಬೇಕು. ಆಮೆಗೆ ಬಿಸಿಲು ಕಾಯಲು ಕಲ್ಲು, ಮೊಟ್ಟೆಯಿಡಲು ಮಣ್ಣು, ಎರಡಕ್ಕೂ ಹೋಗಲು ದಾರಿ ಬೇಕು. ಸಣ್ಣ ಮೀನುಗಳಿಗೆ ರಭಸ ತಾಗದ ಮೂಲೆ ಬೇಕು. ನುಣುಪು ಗೋಡೆಯ ಕಾಲುವೆಗೆ ಬಿದ್ದ ಕಪ್ಪೆ, ಉಡ, ಮುಂಗುಸಿಗಳಿಗೆ ಮೇಲೇರುವ ದಾರಿಯೇ ಇಲ್ಲ. ಅವುಗಳ ಪಾಲಿಗೆ ಗೋಡೆಯು ಬರಿಯ ಮನೆಯಿಲ್ಲದ ತಾಣವಲ್ಲ, ಬೋನು.

ಬಿಡಿಗಲ್ಲಿನ ಬುದ್ಧಿ

ಒಂದೇ ಅಳತೆಯ ಬಿಡಿ ಭಾಗಗಳನ್ನು ಬೇರೆಡೆ ತಯಾರಿಸಿ, ತಂದು ಜೋಡಿಸುವ ಪದ್ಧತಿಯನ್ನು ಕೈಗಾರಿಕಾ ಯುಗದ ಕೂಸೆಂದು ಹಲವರು ತಿಳಿದಿರುವರು. ಹಂಪೆಯ ಅರಮನೆಯ ಆವರಣದಲ್ಲಿ ೧೯೮೦ರ ದಶಕದಲ್ಲಿ ಅಗೆದು ತೆಗೆದ ಕಪ್ಪು ಕಲ್ಲಿನ ಪುಷ್ಕರಿಣಿಯನ್ನು ನೋಡಿದವರು ಹಾಗೆನ್ನಲಾರರು. ಐದು ಹಂತಗಳಾಗಿ ಕೆಳಗಿಳಿಯುವ ಆ ಕೊಳದ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಸೇರಿದುದೆಂಬ ಗುರುತುಗಳಿವೆ. ಎಂದರೆ ಕಲ್ಲನ್ನು ಮೊದಲೇ ಕಡೆದು, ಗುರುತು ಹಾಕಿ, ಆಮೇಲೆ ಸ್ಥಳದಲ್ಲಿ ಕೂಡಿಸಿದರು. ಬಿಡಿಭಾಗಗಳ ವಾಸ್ತುಶಾಸ್ತ್ರವು ನಮ್ಮ ನೀರಿನ ಕಟ್ಟಡಗಳಿಗೆ ಹೊಸದಲ್ಲ.

ಬೀದರ ಸೀಮೆಗೆ ಈ ವಿಷಯದಲ್ಲಿ ಪ್ರಕೃತಿಯೇ ಒಂದು ವಸ್ತುವನ್ನು ಒದಗಿಸಿದೆ. ಅಲ್ಲಿನ ಎತ್ತರದ ಬಯಲಿನಲ್ಲಿ ಕಪ್ಪು ಬಸಾಲ್ಟು ಶಿಲೆಯ ಮೇಲೆ ಕೆಂಪಾದ ಜಂಬಿಟ್ಟಿಗೆಯ ಹೊದಿಕೆಯಿದೆ. ಇದನ್ನೇ ಮುರಕಲ್ಲು ಎನ್ನುವರು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿ ೧೮೦೭ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಈ ಬಗೆಯ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗರಗಸ, ಕೊಡಲಿಗಳಿಗೆ ಒಗ್ಗುವ ಈ ಕಲ್ಲು ಗಾಳಿಬಿಸಿಲಿಗೆ ಗಟ್ಟಿಯಾಗುತ್ತದೆ. ಅದರ ಮೈತುಂಬ ಸಹಜವಾದ ರಂಧ್ರಗಳು. ಬೀದರ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿದಿದ್ದಾರೆ. ೧೫ನೆಯ ಶತಮಾನದ ನೌಬಾದಿನ ಸುರಂಗಬಾವಿಯೂ ಈ ಕಲ್ಲಿನ ಒಳಗೇ ಸಾಗುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಹೋದ ಯಾತ್ರಿಕರು ಚಾವಣಿಯಲ್ಲಿ ಜೋತುಬಿದ್ದ ಬಾವಲಿಗಳನ್ನು ಕಂಡೇ ಇರುವರು. ನೀರು, ಕಲ್ಲು, ಜೀವಿ ಈ ಮೂರರ ಒಡನಾಟಕ್ಕೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಅರಿಯದೆ ಕಟ್ಟಿದ ಮನೆ

ಕಟ್ಟಡದ ಒಂದು ಸಣ್ಣ ಅಳತೆಯು ಎಷ್ಟು ದೊಡ್ಡ ಪರಿಣಾಮವನ್ನು ಮಾಡಬಲ್ಲದೆಂಬುದು ಅಮೆರಿಕೆಯ ಆಸ್ಟಿನ್ ನಗರದಲ್ಲಿ ಆಕಸ್ಮಿಕವಾಗಿ ತಿಳಿದುಬಂದಿತು. ಅಲ್ಲಿನ ನದಿಯ ಮೇಲಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು ೧೯೮೦ರಲ್ಲಿ ನವೀಕರಿಸಿದರು. ಹೊಸ ತೊಲೆಗಳ ನಡುವೆ ಸುಮಾರು ೨ರಿಂದ ೨.೫ ಸೆಂಟಿಮೀಟರು ಅಗಲ, ೪೦ ಸೆಂಟಿಮೀಟರು ಆಳದ ಸಂದಿಗಳು ಉಳಿದುವು. ಎಂಜಿನಿಯರುಗಳಿಗೆ ಅವು ಬರಿಯ ಸಂದಿಗಳು. ಆದರೆ ಕೀಟಾಹಾರಿಯಾದ ಒಂದು ಜಾತಿಯ ಬಾವಲಿಗೆ ಅದೇ ಹೇಳಿ ಮಾಡಿಸಿದ ಅಳತೆಯಾಗಿತ್ತು: ಒಳನುಸುಳಲು ಸಾಕಷ್ಟು ಅಗಲ, ಶತ್ರು ನುಸುಳಲಾರದಷ್ಟು ಕಿರಿದು, ಹಗಲಿನ ಶಾಖವನ್ನು ಹಿಡಿದಿಡುವಷ್ಟು ಆಳ. ಲಕ್ಷಗಟ್ಟಲೆ ಬಾವಲಿಗಳು ಬಂದು ನೆಲಸಿದುವು. ಊರಿನವರು ಮೊದಲು ಗಾಬರಿಗೊಂಡು ಅವುಗಳನ್ನು ಅಳಿಸಿಹಾಕಬೇಕೆಂದರು. ಬಾವಲಿತಜ್ಞ ಮರ್ಲಿನ್ ಟಟ್ಟಲ್ ತಮ್ಮ ಸಂಸ್ಥೆಯನ್ನು ೧೯೮೬ರಲ್ಲಿ ಆ ಊರಿಗೇ ಸಾಗಿಸಿ, ಜನರಿಗೆ ತಿಳಿಯಹೇಳಿದರು. ಇಂದು ಸಂಜೆಯ ಹೊತ್ತು ಹೊಗೆಯ ಸುರುಳಿಯಂತೆ ಹೊರಡುವ ಆ ಬಾವಲಿಗಳನ್ನು ನೋಡುವುದಕ್ಕಾಗಿಯೇ ಪ್ರವಾಸಿಗಳು ಬರುತ್ತಾರೆ. ಮುಂದೆ ಅಲ್ಲಿನ ಎಂಜಿನಿಯರುಗಳು ಹಳೆಯ ಸೇತುವೆಗಳ ಅಡಿಗೆ ತಗುಲಿಸಬಹುದಾದ, ಇದೇ ಅಳತೆಯ ಸಂದಿಗಳುಳ್ಳ ಹಲಗೆಯ ಘಟಕಗಳನ್ನೂ ರಚಿಸಿದರು.

ಈ ಕಥೆಯಿಂದ ನಾವು ಕಲಿಯತಕ್ಕುದು ಇಷ್ಟು. ಪ್ರಾಣಿಯು ಕಟ್ಟಡವನ್ನು ಸುಂದರವೊ ಅಲ್ಲವೊ ಎಂದು ನೋಡುವುದಿಲ್ಲ, ಅಳತೆಯನ್ನು ನೋಡುತ್ತದೆ. ಸಂದಿಯು ಐದು ಪಟ್ಟು ಅಗಲವಾಗಿದ್ದಿದ್ದರೆ ಅದೇ ಸೇತುವೆ ಬರಿದಾಗಿಯೇ ಉಳಿಯುತ್ತಿತ್ತು.

ಅರಿತು ಕಟ್ಟಿದವು

ಆಸ್ಟ್ರೇಲಿಯದ ಸಿಡ್ನಿ ಬಂದರಿನಲ್ಲಿ ೨೦೧೮ರಲ್ಲಿ ಆರಂಭವಾದ ‘ಜೀವಂತ ಕಡಲಗೋಡೆ’ ಎಂಬ ಯೋಜನೆಯಲ್ಲಿ ಈ ಪಾಠವನ್ನು ಬುದ್ಧಿಪೂರ್ವಕವಾಗಿ ಪ್ರಯೋಗಿಸಿದರು. ಷಡ್ಭುಜಾಕಾರದ ಕಾಂಕ್ರೀಟು ಫಲಕಗಳನ್ನು ಎರಕ ಹೊಯ್ದು, ಬೋಳಾದ ಗೋಡೆಗೆ ಜೇನುಹಟ್ಟಿಯಂತೆ ತಗುಲಿಸಿದರು. ಒಂದು ಫಲಕದಲ್ಲಿ ಬಂಡೆಯ ಕೊಳದಂಥ ಗುಳಿ, ಇನ್ನೊಂದರಲ್ಲಿ ಬಿರುಕು, ಮತ್ತೊಂದರಲ್ಲಿ ಬೇರಿನಂಥ ಉಬ್ಬು. ಹೊರ ಆಕಾರ ಒಂದೇ ಆದುದರಿಂದ ಯಾವುದನ್ನು ಎಲ್ಲಿ ಬೇಕಾದರೂ ಕೂಡಿಸಬಹುದು. ಒಂದು ಒಡೆದರೆ ಅದನ್ನಷ್ಟೇ ಬದಲಿಸಬಹುದು. ಬರಿಯ ಗೋಡೆಗಿಂತ ಈ ಫಲಕಗಳ ಮೇಲೆ ಹೆಚ್ಚು ಬಗೆಯ ಜೀವಿಗಳು ನೆಲಸಿದುವು. ಅಮೆರಿಕೆಯ ಸಿಯಾಟಲ್ ನಗರವು ೨೦೧೭ರಲ್ಲಿ ಮುಗಿಸಿದ ತನ್ನ ಹೊಸ ಕಡಲಗೋಡೆಗೆ ಒರಟು ಮುಖವನ್ನು ಕೊಟ್ಟು, ಅದರ ಮೇಲಿನ ಕಾಲುದಾರಿಯಲ್ಲಿ ಗಾಜಿನ ಹಲಗೆಗಳನ್ನು ಕೂರಿಸಿತು. ಸಾಲ್ಮನ್ ಮೀನಿನ ಮರಿಗಳು ಕತ್ತಲೆಯ ನೆರಳನ್ನು ದಾಟಲು ಹಿಂಜರಿಯುವುದರಿಂದ ಅವುಗಳ ದಾರಿಗೆ ಬೆಳಕು ಬೀಳಲೆಂಬುದೇ ಆ ಗಾಜಿನ ಉದ್ದೇಶ.

ಗೋಡೆಯನ್ನು ಮುಟ್ಟದೆಯೇ ದಡವನ್ನು ಮರಳಿಸುವ ಇನ್ನೊಂದು ಮಾರ್ಗವಿದೆ. ಷಿಕಾಗೋ ನಗರದಲ್ಲಿ ನದಿಯ ಒಂದು ಕವಲಿಗೆ ಉಕ್ಕಿನ ತಗಡುಗಳ ಗೋಡೆಯಿದೆ. ಅಲ್ಲಿ ೨೦೧೭ರಿಂದ ತೇಲುವ ತೋಟದ ಘಟಕಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ನಿಲ್ಲಿಸುತ್ತ ಬಂದರು. ಗಿಡಗಳ ಬೇರುಗಳು ತೇಲುಪಟ್ಟಿಯ ತಳದಿಂದ ನೀರಿನೊಳಕ್ಕೆ ಇಳಿಬಿದ್ದು ಮೀನುಗಳಿಗೆ ಮರೆಯಾಗುತ್ತವೆ. ನಮ್ಮ ಸಮೀಪದಲ್ಲಿಯೂ ಈ ಪ್ರಯೋಗ ನಡೆದಿದೆ. ಬೆಂಗಳೂರಿನ ಪುಟ್ಟೇನಹಳ್ಳಿ, ಹೆಬ್ಬಗೋಡಿ ಕೆರೆಗಳಲ್ಲಿಯೂ ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿಯೂ ತೇಲುವ ದ್ವೀಪಗಳನ್ನು ಬಿಟ್ಟಿದ್ದಾರೆ. ಆದರೆ ತೇಲುವ ಘಟಕವು ನಿಂತ ನೀರಿಗೆ ಒಗ್ಗುವಷ್ಟು, ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತುವ ಹಳ್ಳಕ್ಕೆ ಒಗ್ಗದು. ಅಲ್ಲಿ ಗೋಡೆಯೇ ಮನೆಯಾಗಬೇಕು.

ಗೂಡುಗಲ್ಲನ್ನು ರಚಿಸುವ ಬಗೆ

ಈಗ ಹುಮನಾಬಾದ ಸೀಮೆಯ ಒಂದು ಹಳ್ಳಕ್ಕಾಗಿ ಗೂಡುಗಲ್ಲನ್ನು ರಚಿಸುವುದಾದರೆ ಏನೇನು ವಿಚಾರ ಮಾಡಬೇಕೆಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲನೆಯದು ತೂಕ. ಯಂತ್ರವಿಲ್ಲದೆ ಇಬ್ಬರು ಆಳುಗಳು ಎತ್ತಿ ಕೂರಿಸುವಂತಿರಬೇಕು. ೪೦ ಸೆಂ.ಮೀ. ಉದ್ದ, ೨೦ ಸೆಂ.ಮೀ. ಅಗಲ, ೨೦ ಸೆಂ.ಮೀ. ಎತ್ತರದ ಕಲ್ಲಿನ ಗಾತ್ರ ೧೬,೦೦೦ ಘನ ಸೆಂಟಿಮೀಟರು. ಕಾಂಕ್ರೀಟು ಘನ ಸೆಂಟಿಮೀಟರಿಗೆ ಸುಮಾರು ೨.೪ ಗ್ರಾಂ ತೂಗುವುದರಿಂದ ತುಂಬುಗಲ್ಲಿನ ತೂಕ ೩೮ ಕಿಲೋಗ್ರಾಮಿಗೆ ಮೇಲಾಗುತ್ತದೆ. ಅದರ ಕಾಲುಭಾಗವನ್ನು ಟೊಳ್ಳು ಮಾಡಿದರೆ ಸುಮಾರು ೨೯ ಕಿಲೋಗ್ರಾಂ. ಇದನ್ನು ಇಬ್ಬರು ಸುಲಭವಾಗಿ ಎತ್ತಬಹುದು. ಪ್ರಾಣಿಗೆ ಬೇಕಾದ ಟೊಳ್ಳು ಮನುಷ್ಯನ ಬೆನ್ನಿಗೂ ಹಿತವಾಯಿತು.

ಎರಡನೆಯದು ದ್ರವ್ಯ. ಹೊಸ ಕಾಂಕ್ರೀಟಿನಿಂದ ಸುಣ್ಣದ ಅಂಶವು ಒಸರಿ ಅದರ ಮೈ ತೀಕ್ಷ್ಣವಾದ ಕ್ಷಾರವಾಗಿರುತ್ತದೆ. ಪಾಚಿಯೂ ಸಣ್ಣ ಜೀವಿಗಳೂ ಅಂಥ ಮೈಗೆ ಸುಲಭವಾಗಿ ಅಂಟವು. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿಯನ್ನು ಬೆರಸಿದರೆ ಈ ದೋಷ ತಗ್ಗುತ್ತದೆ. ರಾಯಚೂರಿನ ಶಾಖವಿದ್ಯುತ್ ಸ್ಥಾವರದಂಥ ಕಡೆಗಳಲ್ಲಿ ಹಾರುಬೂದಿಯು ರಾಶಿಯಾಗಿ ದೊರೆಯುತ್ತದೆ. ನೆರೆಯ ರಭಸ ತಾಗದ ಮೇಲಿನ ಸಾಲುಗಳಿಗೆ ಜಂಬಿಟ್ಟಿಗೆಯನ್ನೇ ಕತ್ತರಿಸಿ ಬಳಸಬಹುದು. ಅದರ ರಂಧ್ರಗಳು ಹಾವಸೆಗೂ ಜೇಡಕ್ಕೂ ಒಂಟಿಜೇನಿಗೂ ಬೇರೆ ಖರ್ಚಿಲ್ಲದೆ ದೊರೆತ ಮನೆಗಳು.

ಮೂರನೆಯದು ಸ್ಥಾನ. ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನಾಲ್ಕು ಪಟ್ಟಿಗಳಾಗಿ ಎಣಿಸಬೇಕು.

ತಳದ ಪಟ್ಟಿಯಲ್ಲಿ, ಬೇಸಗೆಯ ಮಡುವಿನ ಮಟ್ಟದಲ್ಲಿ, ಒಳಕ್ಕೆ ಆಳವಾದ ಗವಿಯುಳ್ಳ ಕಲ್ಲುಗಳು ಬರಬೇಕು. ಏಡಿಗೂ ಮೀನಿಗೂ ಅಲ್ಲಿ ನೆರೆಯ ಕಾಲದ ಆಶ್ರಯ.

ಎರಡನೆಯ ಪಟ್ಟಿಯು ಮಳೆಗಾಲದಲ್ಲಿ ಮುಳುಗಿ ಆಮೇಲೆ ತೆರೆದುಕೊಳ್ಳುವಂಥದು. ಇಲ್ಲಿ ಮಣ್ಣು ತುಂಬಿದ ಜೇಬುಗಳುಳ್ಳ ಕಲ್ಲುಗಳನ್ನಿಟ್ಟು ಜೊಂಡು, ಆಪು, ಮೇಲುಗಡೆ ಲಕ್ಕಿ ಗಿಡಗಳನ್ನು ಬೆಳೆಸಬಹುದು. ಆದರೆ ಈ ಜೇಬುಗಳ ತಳದಲ್ಲಿ ನೀರು ಬಸಿದುಹೋಗುವ ತೂತು ಇರಲೇಬೇಕು. ಸೊಳ್ಳೆಯು ಮೊಟ್ಟೆಯಿಂದ ಹಾರುವ ಸ್ಥಿತಿಗೆ ಬರಲು ಬೆಚ್ಚನೆಯ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಅಷ್ಟು ಕಾಲ ನೀರು ನಿಲ್ಲುವ ಗುಳಿಯನ್ನು ಕಟ್ಟಿದವರನ್ನು ಊರವರು ಹರಸಲಾರರು.

ಮೂರನೆಯ ಪಟ್ಟಿ ನೆರೆಯ ಅತ್ಯುಚ್ಚ ಮಟ್ಟಕ್ಕಿಂತ ಕನಿಷ್ಠ ಒಂದು ಮೀಟರು ಮೇಲಿರಬೇಕು. ಇದು ಮಿಂಚುಳ್ಳಿಯ ಪಟ್ಟಿ. ಇಲ್ಲಿಡುವ ಕಲ್ಲಿಗೆ ಮುಂದಿನಿಂದ ಹಿಂದಕ್ಕೆ ಸುಮಾರು ೭ ಸೆಂಟಿಮೀಟರು ಅಗಲದ ಕಂಡಿಯಿರುತ್ತದೆ. ಕಲ್ಲಿನ ಹಿಂದೆ ಒಂದು ಮೀಟರಿನಷ್ಟು ಮರಳು ಬೆರೆತ ಮಣ್ಣನ್ನು ಗಟ್ಟಿಯಾಗಿ ತುಂಬಬೇಕು. ಕಂಡಿಯನ್ನೂ ಅದೇ ಮಣ್ಣಿನಿಂದ ಮುಚ್ಚಬೇಕು. ಸುರಂಗವನ್ನು ಹಕ್ಕಿಯೇ ತೋಡಿಕೊಳ್ಳಲಿ. ಯೂರೋಪಿನಲ್ಲಿ ಮರಳುದಡದ ಕವಲುತೋಕೆಗಳಿಗಾಗಿ ಕಟ್ಟಿದ ಕಂಡಿಗೋಡೆಗಳ ಹಿಂದೆಯೂ ಹೀಗೆಯೇ ಮರಳನ್ನು ತುಂಬುತ್ತಾರೆ. ಹಕ್ಕಿಗೆ ನಾವು ಬಾಗಿಲನ್ನು ಮಾತ್ರ ಒದಗಿಸುತ್ತೇವೆ, ಮನೆಯನ್ನಲ್ಲ. ಈ ಪಟ್ಟಿಯ ಮುಖ ಮಾತ್ರ ನುಣುಪಾಗಿಯೂ ಕಡಿದಾಗಿಯೂ ಇರಬೇಕು. ಇಲ್ಲವಾದರೆ ಮುಂಗುಸಿಯೂ ಹಾವೂ ಹತ್ತಿ ಬರುವುವು.

ನಾಲ್ಕನೆಯದು ಸೇತುವೆಯ ಅಡಿ. ಹುಮನಾಬಾದನ್ನು ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿಯೂ ೨೦೧೭ರಲ್ಲಿ ತೆರೆದ ಬೀದರ–ಕಲಬುರಗಿ ರೈಲುದಾರಿಯಲ್ಲಿಯೂ ಸೇತುವೆ, ಮೋರಿಗಳು ಹಲವು. ಇಂಥವುಗಳ ಅಡಿಯಲ್ಲಿ ಒರಟು ಮೈಯ ಪಟ್ಟಿಯೊಂದನ್ನು ಕವಲುತೋಕೆಗಳಿಗಾಗಿಯೂ ಕಿರಿದಾದ ಸಂದಿಗಳ ಘಟಕವನ್ನು ಬಾವಲಿಗಳಿಗಾಗಿಯೂ ತಗುಲಿಸಬಹುದು.

ಇವಲ್ಲದೆ ಗೋಡೆಯುದ್ದಕ್ಕೂ ಅಲ್ಲಲ್ಲಿ ಇಳಿಜಾರಿನ ಒರಟು ಮೆಟ್ಟಿಲಿನ ಘಟಕವನ್ನು ಸೇರಿಸಬೇಕು. ಬಿದ್ದ ಪ್ರಾಣಿಗೆ ಅದು ಏಣಿ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಇದೇ, ಎಲ್ಲಕ್ಕಿಂತ ಹೆಚ್ಚು ಪ್ರಾಣಗಳನ್ನು ಉಳಿಸಬಹುದಾದದ್ದೂ ಇದೇ.

ನೀರಿನ ಲೆಕ್ಕ, ಬಿಸಿಲಿನ ಲೆಕ್ಕ

ಇಷ್ಟರಿಂದಲೇ ಎಂಜಿನಿಯರನು ಒಪ್ಪುವುದಿಲ್ಲ. ಆತನ ಆಕ್ಷೇಪಣೆ ನ್ಯಾಯವಾದುದು: ‘ಗೋಡೆ ಒರಟಾದರೆ ನೀರು ನಿಧಾನವಾಗುವುದು, ನಿಧಾನವಾದರೆ ಮಟ್ಟ ಏರುವುದು.’ ಐರ್ಲೆಂಡಿನ ಎಂಜಿನಿಯರು ರಾಬರ್ಟ್ ಮ್ಯಾನಿಂಗ್ ೧೮೮೯ರಲ್ಲಿ ಮಂಡಿಸಿದ ಸೂತ್ರದ ಪ್ರಕಾರ, ಇಳಿಜಾರೂ ಕಾಲುವೆಯ ಆಕಾರವೂ ನೀರಿನ ಆಳವೂ ಒಂದೇ ಆಗಿದ್ದರೆ, ನೀರಿನ ವೇಗವು ಒರಟುತನದ ಅಂಕಕ್ಕೆ ವಿಲೋಮವಾಗಿರುತ್ತದೆ. ನುಣುಪು ಕಾಂಕ್ರೀಟಿಗೆ ಈ ಅಂಕ ಸುಮಾರು ೦.೦೧೩; ಕಲ್ಲು, ಕಳೆಗಳಿರುವ ಸಹಜ ಹಳ್ಳಕ್ಕೆ ಸುಮಾರು ೦.೦೩೫. ಎಂದರೆ ಕಾಲುವೆಯೆಲ್ಲ ಸಹಜ ಹಳ್ಳದಷ್ಟು ಒರಟಾದರೆ ವೇಗವು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಅದೇ ನೆರೆಯನ್ನು ಸಾಗಿಸಲು ಹೆಚ್ಚು ಅಗಲದ ಕಾಲುವೆ ಬೇಕಾಗುತ್ತದೆ.

ಆದಕಾರಣ ಗೂಡುಗಲ್ಲಿನ ಗೋಡೆಯನ್ನು ಕಟ್ಟುವವರು ಅಂಚಿನ ನೆಲವನ್ನು ಸ್ವಲ್ಪ ಬಿಟ್ಟುಕೊಡಲೇಬೇಕು. ಇದು ಪ್ರಾಣಿಗಳಿಗೆ ಕೊಟ್ಟ ದಾನವೆಂದು ತಿಳಿಯಬಾರದು. ನುಣುಪು ಕಾಲುವೆಯು ನೆರೆಯನ್ನು ನಾಶಮಾಡುವುದಿಲ್ಲ. ಬೇಗಬೇಗನೆ ಕೆಳಗಿನ ಊರಿಗೆ ಸಾಗಿಸುತ್ತದೆ. ನಿಧಾನವಾಗಿ ಹರಿಯುವ ಅಗಲವಾದ ಹಳ್ಳವು ನೆರೆಯ ಏರಿಕೆಯನ್ನು ಹಂಚಿಕೊಂಡು, ಒಂದು ಪಾಲನ್ನು ನೆಲದೊಳಕ್ಕೂ ಇಳಿಸುತ್ತದೆ. ಬೇಸಗೆಯಲ್ಲಿ ಬಾವಿಯ ನೀರನ್ನೇ ನಂಬಿದ ಸೀಮೆಗೆ ಇದು ಸಣ್ಣ ಲಾಭವಲ್ಲ.

ಇನ್ನು ಬಿಸಿಲು. ಬೀದರ ಜಿಲ್ಲೆಯಲ್ಲಿ ಬೇಸಗೆಯ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಮಧ್ಯಾಹ್ನವೆಲ್ಲ ಕಾದ ಪಡುವಣ ಮುಖದ ಗೋಡೆಯು ಮೊಟ್ಟೆಮರಿಗಳಿಗೆ ಒಲೆಯಾದೀತು. ದಕ್ಷಿಣದ ಬಿಸಿಲೊಂದೇ ಕೆಟ್ಟುದೆಂಬ ಪಾಶ್ಚಾತ್ಯ ಪುಸ್ತಕಗಳ ಮಾತು ಇಲ್ಲಿ ಪೂರ್ತಿ ಸಲ್ಲದು. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ. ಆದುದರಿಂದ ಬೆಳಗಿನ ಬಿಸಿಲನ್ನು ಮಾತ್ರ ಕಾಣುವ ಮೂಡಣ ಮುಖವೇ ಗೂಡಿಗೆ ಉತ್ತಮ. ಒದ್ದೆ ಮಣ್ಣಿನ ಜೇಬುಗಳು ಇಲ್ಲಿ ಇನ್ನೊಂದು ಉಪಕಾರವನ್ನು ಮಾಡುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ನಿಯಮವೇ ರಂಧ್ರಮಯವಾದ ಗೋಡೆಯನ್ನೂ ತಂಪಾಗಿಡುತ್ತದೆ.

ಗೂಡುಗಲ್ಲು ಮಾಡಲಾರದ ಕೆಲಸ

ಗೂಡುಗಲ್ಲಿನ ಗುಣಗಾನವನ್ನು ಇಲ್ಲಿಗೆ ನಿಲ್ಲಿಸಿ ಅದರ ಮಿತಿಯನ್ನೂ ಹೇಳಬೇಕು. ಹೊಲಸು ನೀರನ್ನು ಅದು ತಿಳಿಯಾಗಿಸಲಾರದು. ೨೦ ಡಿಗ್ರಿ ಉಷ್ಣತೆಯಲ್ಲಿ ಶುದ್ಧವಾದ ನೀರು ಲೀಟರಿಗೆ ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು. ೩೦ ಡಿಗ್ರಿಯಲ್ಲಿ ೭.೬ ಮಿಲಿಗ್ರಾಂ ಮಾತ್ರ. ಬಚ್ಚಲಿನ ನೀರು ಸೇರಿತೆಂದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಈ ಅಲ್ಪವಾದ ನಿಧಿಯನ್ನೂ ಕಬಳಿಸುತ್ತವೆ. ಮೀನಿಲ್ಲದ ಹಳ್ಳದ ಗೋಡೆಯಲ್ಲಿ ಮಿಂಚುಳ್ಳಿಗೆ ನೂರು ಬಾಗಿಲುಗಳನ್ನು ಬಿಟ್ಟರೂ ಅದು ಬರಲಾರದು. ಮೊದಲು ನೀರು, ಆಮೇಲೆ ಗೋಡೆ.

ಎರಡನೆಯದಾಗಿ, ತಪ್ಪಾದ ಗೂಡು ಇಲ್ಲದ ಗೂಡಿಗಿಂತ ಕೆಟ್ಟುದು. ನೆರೆಯ ಮಟ್ಟವನ್ನು ಸರಿಯಾಗಿ ಅಳೆಯದೆ ಕೆಳಗೆ ಕಂಡಿಯಿಟ್ಟರೆ ಹಕ್ಕಿಯು ನಂಬಿ ಬಂದು ಮರಿಗಳೊಡನೆ ಮುಳುಗುತ್ತದೆ. ನಮ್ಮ ಮಿಂಚುಳ್ಳಿ, ಕಳ್ಳಿಪೀರಗಳು ಮರಿಮಾಡುವ ಕಾಲವು ಮಳೆಗಾಲದ ಅಂಚನ್ನು ಮುಟ್ಟುವುದರಿಂದ ಈ ಅಪಾಯವು ನಿಜವಾದದ್ದು. ದುರಸ್ತಿಯ ಕೆಲಸವನ್ನೂ ಮಳೆ ನಿಂತ ಮೇಲೆ, ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮುಗಿಸಬೇಕು.

ಮೂರನೆಯದಾಗಿ, ಗೂಡುಗಲ್ಲು ಸಹಜವಾದ ದಡಕ್ಕೆ ಸಮನಲ್ಲ. ಕೆಡದಿರುವ ಮಣ್ಣಿನ ದಡವನ್ನು ಕಿತ್ತು, ಅದರ ಜಾಗದಲ್ಲಿ ಗೂಡುಗಲ್ಲನ್ನು ಇಡುತ್ತೇವೆಂದರೆ ಅದು ಆಲದ ಮರವನ್ನು ಕಡಿದು ಕುಂಡದಲ್ಲಿ ಸಸಿ ನೆಟ್ಟಂತೆ. ಗೋಡೆ ಅನಿವಾರ್ಯವಾದೆಡೆ ಮಾತ್ರ ಅದಕ್ಕೆ ಸ್ಥಾನ.

ಎಣಿಕೆಯೇ ಪರೀಕ್ಷೆ

ಗೂಡುಗಲ್ಲು ಫಲಿಸಿತೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯುವುದು? ನೋಡಿದವರ ಮೆಚ್ಚುಗೆಯಿಂದಲ್ಲ, ಎಣಿಕೆಯಿಂದ. ಗೋಡೆಯ ಒಂದು ಉದ್ದವನ್ನು ಗೂಡುಗಲ್ಲಿನಿಂದಲೂ ಅಷ್ಟೇ ಉದ್ದವನ್ನು ಬರಿಯ ಕಲ್ಲಿನಿಂದಲೂ ಕಟ್ಟಬೇಕು. ಕಟ್ಟುವ ಮೊದಲು ಒಂದು ವರ್ಷ, ಕಟ್ಟಿದ ಮೇಲೆ ಹಲವು ವರ್ಷ, ಎರಡೂ ಕಡೆ ಒಂದೇ ಹೊತ್ತಿನಲ್ಲಿ ಅಷ್ಟೇ ಸಮಯ ನಿಂತು ಕಂಡುದನ್ನೆಲ್ಲ ಬರೆದಿಡಬೇಕು. ಬರಿಗೋಡೆಯಲ್ಲಿ ಕಾಣದ ಏರಿಕೆಯು ಗೂಡುಗೋಡೆಯಲ್ಲಿ ಕಂಡರೆ ಮಾತ್ರ ಅದು ಗೂಡುಗಲ್ಲಿನ ಫಲ; ಎರಡರಲ್ಲಿಯೂ ಸಮನಾಗಿ ಕಂಡರೆ ಅದು ಒಳ್ಳೆಯ ಮಳೆಯ ಫಲವಿರಬಹುದು.

ಈ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ಒಂದು ಟಿಪ್ಪಣಿಯ ಪುಸ್ತಕ, ಒಂದು ಗಡಿಯಾರ, ತಾಳ್ಮೆ ಇಷ್ಟು ಸಾಕು. ತಮ್ಮ ಊರಿನ ಮೋರಿಯ ಅಡಿಯಲ್ಲಿ ಕವಲುತೋಕೆಯ ಗೂಡುಗಳು ಎಷ್ಟಿವೆ, ಅವು ಯಾವ ಮೈಗೆ ಅಂಟಿವೆ, ನೆಲದಿಂದ ಎಷ್ಟು ಎತ್ತರದಲ್ಲಿವೆ, ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ದೂರದಿಂದಲೇ ನೋಡಿ ಬರೆಯಬಲ್ಲರು. ಗೂಡನ್ನು ಮುಟ್ಟಬಾರದು, ನೆರೆಯ ಹೊತ್ತಿನಲ್ಲಿ ಹಳ್ಳದ ಬಳಿ ಸುಳಿಯಬಾರದು. ಇಂಥ ಅಳತೆಗಳೇ ನಾಳೆ ಗೂಡುಗಲ್ಲನ್ನು ರಚಿಸುವವನಿಗೆ ಬೇಕಾಗುವ ಅಳತೆಗಳು. ಆಸ್ಟಿ‌ನ್ನಿನ ಬಾವಲಿಗೆ ಬೇಕಾದ ಸಂದಿಯ ಅಳತೆ ನಮಗೆ ತಿಳಿದಿದೆ. ಕಾರಂಜಾ, ಮುಲ್ಲಾಮಾರಿಗಳ ದಡದ ಬಾವಲಿ ಯಾವ ಸಂದಿಯನ್ನು ಆರಿಸಿಕೊಳ್ಳುವುದೆಂಬುದನ್ನು ಅಲ್ಲಿ ನಿಂತು ನೋಡಿದವರೇ ಹೇಳಬೇಕು.

ಹುಮನಾಬಾದ, ಬಸವಕಲ್ಯಾಣಗಳ ಹಳ್ಳಗಳ ಬದಿಯಲ್ಲಿ ಬರುವ ವರ್ಷಗಳಲ್ಲಿ ಎಷ್ಟೋ ಗೋಡೆಗಳು ಏಳಬಹುದು. ಗೋಡೆಯೊಂದನ್ನು ಕಟ್ಟಿದರೆ ಅದು ಐವತ್ತು ವರ್ಷ ನಿಲ್ಲುವುದು. ಕಟ್ಟುವ ಮೊದಲು ನಕ್ಷೆಯಲ್ಲಿ ಅಂಗೈಯಗಲದ ಒಂದು ಕಂಡಿಯನ್ನು ಗುರುತಿಸಲು ಹಿಡಿಯುವುದು ಒಂದು ನಿಮಿಷ. ಕಟ್ಟಿದ ಮೇಲೆ ಅದನ್ನು ಕೊರೆಯುವುದು ದೊಡ್ಡ ಕೆಲಸ. ಹೀಗಾಗಿ ಆ ನಿಮಿಷವು ಬೆಲೆಯುಳ್ಳದ್ದು. ಇಂದು ಈ ಪುಟಗಳನ್ನು ಓದುತ್ತಿರುವವರಲ್ಲಿಯೇ ಕೆಲವರು ಮುಂದೆ ಆ ನಕ್ಷೆಗಳನ್ನು ಬರೆಯುವರು, ಕೆಲವರು ಅವುಗಳಿಗೆ ಒಪ್ಪಿಗೆಯ ಸಹಿ ಹಾಕುವರು. ಅಷ್ಟು ಹೊತ್ತಿಗೆ ತಮ್ಮ ಹಳ್ಳದ ಮಿಂಚುಳ್ಳಿಯ ಬಿಲ ನೆರೆಯ ಮಟ್ಟದಿಂದ ಎಷ್ಟು ಮೇಲಿರುತ್ತದೆಂಬುದು ಅವರ ಟಿಪ್ಪಣಿಯ ಪುಸ್ತಕದಲ್ಲಿ ಇರಲಿ.